ಅವಳಿ ಮಕ್ಕಳು, ಎರಡು ಕ್ರಿಬ್: ದೊಡ್ಡ ಮಂಚಕ್ಕೆ ಈಗಲೇ ಬದಲಾಯಿಸಬೇಕಾ?

ಪ್ರಶ್ನೆ: ನಮ್ಮದು ಅವಳಿ ಮಕ್ಕಳು, ಒಂದು ಗಂಡು, ಒಂದು ಹೆಣ್ಣು. ಈಗ ಎರಡು ವರ್ಷ ಎರಡು ತಿಂಗಳು. ಒಂದೇ ರೂಮಿನಲ್ಲಿ ಎರಡು ಕ್ರಿಬ್ (ಸುತ್ತ ಕಂಬಿ ಇರುವ ಮಕ್ಕಳ ಮಂಚ) ಹಾಕಿದ್ದೇವೆ. ಇಲ್ಲಿವರೆಗೆ ರಾತ್ರಿ ಎಂಟಕ್ಕೆ ಮಲಗಿಸಿದರೆ ಬೆಳಗ್ಗೆವರೆಗೆ ತಕರಾರಿರಲಿಲ್ಲ. ಹೋದ ವಾರ ಮಗ ಕ್ರಿಬ್ಬಿನ ಕಂಬಿ ಹತ್ತಿ ಆಚೆ ಬಿದ್ದ. ಪೆಟ್ಟಾಗಲಿಲ್ಲ, ಆದರೆ ಅವತ್ತಿನಿಂದ ನಮಗೆ ನಿದ್ದೆ ಇಲ್ಲ. ಮಗಳು ಹತ್ತಲು ನೋಡಿದ್ದೇ ಇಲ್ಲ. ಇನ್ನು ನಾಲ್ಕು ತಿಂಗಳಿಗೆ ಮತ್ತೊಂದು ಮಗು ಬರಲಿದೆ, ಆಗ ಒಂದು ಕ್ರಿಬ್ ಬೇಕು. ಇಬ್ಬರನ್ನೂ ಒಟ್ಟಿಗೆ ಒಂದು ದೊಡ್ಡ ಮಂಚಕ್ಕೆ ಹಾಕಿಬಿಡಿ ಅಂತ ಎಲ್ಲರೂ ಹೇಳುತ್ತಾರೆ. ಹಾಗೆ ಮಾಡಿದರೆ ರಾತ್ರಿಯಿಡೀ ಆಟವೇ ಆಗುತ್ತದೆ ಅನ್ನೋ ಭಯ. ಏನು ಮಾಡೋದು?

ಉತ್ತರ: ನಿಮ್ಮ ಭಯ ಸರಿಯಾಗಿಯೇ ಇದೆ. ಇಬ್ಬರನ್ನೂ ಒಂದೇ ದಿನ ಒಂದೇ ಮಂಚಕ್ಕೆ ಹಾಕಬೇಡಿ. ಮಗನ ವಿಷಯ ಬೇರೆ, ಮಗಳ ವಿಷಯ ಬೇರೆ. ಒಟ್ಟಿಗೆ ಹುಟ್ಟಿದರು ಅಂತ ಒಟ್ಟಿಗೇ ಕ್ರಿಬ್ ಬಿಡಬೇಕಿಲ್ಲ. ಹುಟ್ಟಲಿರುವ ಮಗುವಿಗೆ ಕ್ರಿಬ್ ಬೇಕಾಗುವುದಕ್ಕೂ ನೀವು ಅಂದುಕೊಂಡಿದ್ದಕ್ಕಿಂತ ಜಾಸ್ತಿ ಸಮಯ ಇದೆ. ಆ ಲೆಕ್ಕಕ್ಕೆ ಆಮೇಲೆ ಬರೋಣ.

ಮೊದಲು ಬಿದ್ದಿದ್ದರ ಬಗ್ಗೆ. ವಾರ ಕಳೆದಿದೆ, ಮಗು ಚೆನ್ನಾಗಿ ಆಡಿಕೊಂಡಿದೆ ಅಂದರೆ ಆ ಚಿಂತೆ ಬಿಡಿ. ಮುಂದೆ ಮತ್ತೆ ಬಿದ್ದು ತಲೆಗೆ ಪೆಟ್ಟಾಗಿ, ಸ್ವಲ್ಪ ಹೊತ್ತಾದರೂ ಪ್ರಜ್ಞೆ ತಪ್ಪಿದರೆ, ಮತ್ತೆ ಮತ್ತೆ ವಾಂತಿ ಮಾಡಿಕೊಂಡರೆ, ಎಬ್ಬಿಸಿದರೂ ಸರಿಯಾಗಿ ಏಳದೆ ಮಂಕಾಗಿದ್ದರೆ, ನಡಿಗೆ ತೂರಾಡಿದರೆ ಕಾಯಬೇಡಿ. ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಇನ್ನು ಕ್ರಿಬ್. ಒಂದು ಟೇಪ್ ತೆಗೆದುಕೊಂಡು ಮಗನ ಎತ್ತರ ಅಳೆಯಿರಿ. ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್‌ನ ಮಕ್ಕಳ ವೈದ್ಯರು ಹೇಳುವ ಅಳತೆ ಇದು: ಮಗು 35 ಇಂಚು, ಅಂದರೆ ಸುಮಾರು 89 ಸೆಂ.ಮೀ. ಮುಟ್ಟಿದರೆ ಕ್ರಿಬ್ಬಿನ ಕಾಲ ಮುಗಿಯಿತು. ಅಥವಾ ಮಗು ಒಳಗೆ ನಿಂತಾಗ ಮೇಲಿನ ಕಂಬಿ ಅದರ ಎದೆಮಟ್ಟಕ್ಕಿಂತ ಕೆಳಗಿದ್ದರೂ ಅಷ್ಟೇ. ಎರಡು ವರ್ಷಕ್ಕೆ ಮಕ್ಕಳ ಎತ್ತರ ಸರಾಸರಿ 86-87 ಸೆಂ.ಮೀ. ಇರುತ್ತದೆ. ನಿಮ್ಮ ಮಕ್ಕಳಿಬ್ಬರೂ ಹೆಚ್ಚುಕಡಿಮೆ ಈ ಗೆರೆಯ ಆಸುಪಾಸಿನಲ್ಲೇ ಇರಬೇಕು. ಮಗಳನ್ನೂ ಅಳೆಯಿರಿ. ಅವಳು ಹತ್ತುವುದಿಲ್ಲ ಅನ್ನೋದು ಇವತ್ತಿನ ಮಾತು. ಅಣ್ಣನೋ ತಮ್ಮನೋ ಮಾಡಿ ತೋರಿಸಿದ್ದಾನೆ, ಅವಳು ನೋಡಿದ್ದಾಳೆ.

ಅಳತೆ ಇನ್ನೂ ಗೆರೆಯೊಳಗಿದ್ದರೆ ಸ್ವಲ್ಪ ಕಾಲ ತಳ್ಳಬಹುದು. ಕ್ರಿಬ್ಬಿನ ಹಾಸಿಗೆ ಅತೀ ಕೆಳಗಿನ ಮಟ್ಟದಲ್ಲಿದೆಯಾ ನೋಡಿ. ಆರು ತಿಂಗಳ ಮಗುವಿಗೆ ಇಟ್ಟ ಮಟ್ಟದಲ್ಲೇ ಎರಡು ವರ್ಷದ ಮಗುವನ್ನೂ ಮಲಗಿಸುವ ಮನೆಗಳಿವೆ. ದಿನಾ ನೋಡೋ ವಸ್ತು ಕಣ್ಣಿಗೆ ಬೀಳೋದಿಲ್ಲ, ಅಲ್ವಾ? ಒಳಗಿರುವ ದೊಡ್ಡ ಗೊಂಬೆ, ದಿಂಬು, ಸುತ್ತ ಕಟ್ಟಿದ ಮೆತ್ತೆ ಎಲ್ಲ ತೆಗೆಯಿರಿ. ಅವೆಲ್ಲ ಮೆಟ್ಟಿಲುಗಳೇ. ಕ್ರಿಬ್ ಪಕ್ಕದಲ್ಲಿ ಸ್ಟೂಲು, ಕುರ್ಚಿ, ಕಪಾಟು ಇದ್ದರೆ ದೂರ ಸರಿಸಿ. ಕೆಲವು ಕ್ರಿಬ್‌ಗಳಲ್ಲಿ ಹಿಂಬದಿ ಎತ್ತರ, ಮುಂಬದಿ ತಗ್ಗು ಇರುತ್ತದೆ. ಅಂಥದ್ದಾದರೆ ತಿರುಗಿಸಿ, ತಗ್ಗಿನ ಬದಿಯನ್ನು ಗೋಡೆಗೆ ಒತ್ತಿ ಇಡಿ. ಸಂದು ಉಳಿಯಬಾರದು.

ತೋಳಿಲ್ಲದ ಚೀಲದ ಹಾಗಿರುವ ಸ್ಲೀಪ್ ಸ್ಯಾಕ್ ಹಾಕಿದರೆ ಕಾಲೆತ್ತಿ ಕಂಬಿ ಮೇಲೆ ಇಡಲು ಆಗುವುದಿಲ್ಲ. ಹೊಸದಾಗಿ ಹತ್ತಲು ಕಲಿತ ಎಷ್ಟೋ ಮಕ್ಕಳಿಗೆ ಇಷ್ಟೇ ಸಾಕಾಗುತ್ತದೆ. ಆದರೆ ಅದನ್ನು ಹಾಕಿಕೊಂಡೂ ಹತ್ತುವ ಮಗುವಾದರೆ ಕೂಡಲೇ ನಿಲ್ಲಿಸಿ. ಕಾಲು ಕಟ್ಟಿಕೊಂಡು ಬೀಳೋದು ಬರಿಗಾಲಲ್ಲಿ ಬೀಳೋದಕ್ಕಿಂತ ಕೆಟ್ಟದ್ದು. ಕ್ರಿಬ್ಬಿನ ಮೇಲೆ ಟೆಂಟ್ ಅಥವಾ ಬಲೆ ಕಟ್ಟುವ ಉಪಾಯವನ್ನೂ ಯಾರಾದರೂ ಹೇಳುತ್ತಾರೆ. ಬೇಡವೇ ಬೇಡ. ಅದರಲ್ಲಿ ಕುತ್ತಿಗೆ ಸಿಕ್ಕಿಕೊಂಡು ಅನಾಹುತಗಳಾಗಿವೆ.

ಇದೆಲ್ಲ ಮಾಡಿದ ಮೇಲೂ ಮಗ ಮತ್ತೆ ಹೊರಗೆ ಬಂದರೆ ಚರ್ಚೆ ಮುಗಿಯಿತು. ಅದೇ ರಾತ್ರಿ ಅವನ ಹಾಸಿಗೆ ನೆಲಕ್ಕೆ ಬರಲಿ. ಹೊಸ ಮಂಚ ಬರುವವರೆಗೆ ಕಾಯಬೇಡಿ.

ಬೀಳುವ ಅಪಾಯ ಇಲ್ಲದಿದ್ದರೆ ಮಾತ್ರ ನಾನು ತಡ ಮಾಡಿ ಅನ್ನುವ ಪಕ್ಷದವನು. ಮೂರು ವರ್ಷದ ಹತ್ತಿರ ಬರಲಿ ಅಂತ ಯಾಕೆ ಹೇಳುತ್ತೇನೆ ಕೇಳಿ. ಕ್ರಿಬ್ಬಿನ ಕಂಬಿ ಮಗುವಿನ ಪರವಾಗಿ ಒಂದು ತೀರ್ಮಾನ ಮಾಡಿರುತ್ತದೆ: ಈಗ ಹೊರಗೆ ಹೋಗಲು ಆಗುವುದಿಲ್ಲ. ಮಗು ಎಚ್ಚರಾಗುತ್ತದೆ, ಸುತ್ತ ನೋಡುತ್ತದೆ, ಮಾಡಲು ಏನೂ ಇಲ್ಲ, ಮತ್ತೆ ಮಲಗುತ್ತದೆ. ಮಂಚದಲ್ಲಿ ಅದೇ ತೀರ್ಮಾನವನ್ನು ಮಗುವೇ ಮಾಡಬೇಕು. ಇಳಿಯಬಹುದು, ಆದರೆ ಇಳಿಯಬಾರದು ಅಂತ ತನಗೆ ತಾನೇ ಹೇಳಿಕೊಳ್ಳಬೇಕು. ಎರಡು ವರ್ಷದ ಮಗುವಿಗೆ ನಿಯಮ ಅರ್ಥವಾಗುತ್ತದೆ. ಕೇಳಿದರೆ ಬಾಯಿಪಾಠ ಒಪ್ಪಿಸಿಯೂಬಿಡುತ್ತದೆ. ಆದರೆ ಆಸೆ ಬಂದ ಆ ಗಳಿಗೆಯಲ್ಲಿ ಕಾಲನ್ನು ತಡೆಹಿಡಿಯುವ ಶಕ್ತಿ ಇನ್ನೂ ಬಂದಿರುವುದಿಲ್ಲ. ಅದು ಹಟವಲ್ಲ, ವಯಸ್ಸು.

2019ರಲ್ಲಿ ಸ್ಲೀಪ್ ಮೆಡಿಸಿನ್ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ ಇದೇ ವಿಷಯ ನೋಡಿತ್ತು. ಐದು ದೇಶಗಳ, ಒಂದೂವರೆಯಿಂದ ಮೂರು ವರ್ಷದೊಳಗಿನ ಮಕ್ಕಳ ತಂದೆತಾಯಿಯರನ್ನು ಕೇಳಿದ್ದರು. ಕ್ರಿಬ್ಬಿನಲ್ಲಿ ಮಲಗುವ ಮಕ್ಕಳು ಬೇಗ ಮಲಗುತ್ತಾರೆ, ಬೇಗ ನಿದ್ದೆಗೆ ಜಾರುತ್ತಾರೆ, ರಾತ್ರಿ ಕಡಿಮೆ ಸಲ ಏಳುತ್ತಾರೆ, ರಾತ್ರಿ ಜಾಸ್ತಿ ಹೊತ್ತು ನಿದ್ದೆ ಮಾಡುತ್ತಾರೆ ಅಂತ ಕಂಡಿತು. ಇದರಿಂದ ಕ್ರಿಬ್ಬೇ ಒಳ್ಳೆ ನಿದ್ದೆ ತರಿಸುತ್ತದೆ ಅಂತ ಸಾಬೀತಾಗಲಿಲ್ಲ. ಚೆನ್ನಾಗಿ ಮಲಗುವ ಮಕ್ಕಳನ್ನು ಜನ ಕ್ರಿಬ್ಬಿನಲ್ಲೇ ಬಿಟ್ಟಿರಬಹುದು. ಆದರೂ ಮಂಚಕ್ಕೆ ಹಾಕಿದರೆ ನಿದ್ದೆ ಸುಧಾರಿಸುತ್ತದೆ ಅನ್ನೋ ನಂಬಿಕೆಗೆ ಅಲ್ಲಿ ಬೆಂಬಲ ಸಿಗುವುದಿಲ್ಲ. ರಾತ್ರಿ ಎದ್ದು ಅಳುವ ಮಗುವಿಗೆ ಮಂಚ ಕೊಟ್ಟರೆ, ಎದ್ದು ನಡೆದುಬಂದು ಅಳುವ ಮಗು ಸಿಗುತ್ತದೆ.

ಹಾಗಾಗಿ ಮಗಳು ಅಳತೆಯೊಳಗಿದ್ದು, ಕ್ರಿಬ್ಬಿನಲ್ಲಿ ಆರಾಮಾಗಿದ್ದರೆ ಅವಳನ್ನು ಅಲ್ಲೇ ಬಿಡಿ. ಅವಳು ಹಿಂದುಳಿದಳು ಅಂತ ಯಾರೂ ತಿಳಿಯಬೇಕಿಲ್ಲ. ದೊಡ್ಡ ಮಂಚ ಅನ್ನೋದು ಪಾಸಾಗಬೇಕಾದ ಕ್ಲಾಸ್ ಅಲ್ಲ.

ಈಗ ಮುಖ್ಯ ಕೆಲಸಕ್ಕೆ ಬರೋಣ. ಮಂಚ ಯಾವುದು ಕೊಳ್ಳಲಿ ಅಂತ ಎಲ್ಲರೂ ಕೇಳುತ್ತಾರೆ. ರೂಮು ಹೇಗಿರಬೇಕು ಅಂತ ಕೇಳುವವರು ಕಡಿಮೆ. ಕ್ರಿಬ್ ತೆಗೆದ ದಿನದಿಂದ ಆ ಇಡೀ ರೂಮೇ ಕ್ರಿಬ್. ಮೊದಲು ಬೇಲಿ ಹಾಸಿಗೆಯ ಸುತ್ತ ಇತ್ತು, ಈಗ ಅದು ಗೋಡೆ ಮತ್ತು ಬಾಗಿಲಿಗೆ ಸರಿಯಿತು. ರಾತ್ರಿ ಎರಡು ಗಂಟೆಗೆ, ನೀವು ಗಾಢ ನಿದ್ದೆಯಲ್ಲಿರುವಾಗ, ಎರಡು ವರ್ಷದ ಮಗು ಆ ರೂಮಿನಲ್ಲಿ ಒಬ್ಬನೇ ಅರ್ಧ ಗಂಟೆ ಓಡಾಡಿದರೆ ಏನಾಗಬಹುದು? ಏನೂ ಆಗುವುದಿಲ್ಲ ಅಂತ ಧೈರ್ಯವಾಗಿ ಹೇಳುವವರೆಗೆ ರೂಮು ತಯಾರಾಗಿಲ್ಲ.

ಮಂಡಿಯೂರಿ ಆ ರೂಮಿನಲ್ಲಿ ಒಂದು ಸುತ್ತು ಹಾಕಿ. ನಾಚಿಕೆ ಬೇಡ, ಯಾರೂ ನೋಡುತ್ತಿರುವುದಿಲ್ಲ. ಕಣ್ಣು ಆ ಮಟ್ಟಕ್ಕೆ ಬಂದಾಗ ರೂಮು ಬೇರೆಯೇ ಕಾಣುತ್ತದೆ. ಬಟ್ಟೆ ಕಪಾಟಿನ ಡ್ರಾಯರ್‌ಗಳು ಏಣಿಯ ಹಾಗೆ ಒಂದರ ಮೇಲೊಂದು ಕಾಣುತ್ತವೆ. ಕೆಳಗಿನ ಎರಡನ್ನು ಎಳೆದು ಅವುಗಳ ಮೇಲೆ ಕೈಯೂರಿ ಭಾರ ಹಾಕಿ ನೋಡಿ. ಕಪಾಟು ಮುಂದಕ್ಕೆ ವಾಲಿದ್ದು ಗೊತ್ತಾಗುತ್ತದೆ. ಮಕ್ಕಳು ಡ್ರಾಯರ್ ಹತ್ತಿ ಕಪಾಟು ಮೈಮೇಲೆ ಮಗುಚಿಕೊಂಡ ಸಾವುಗಳಿಂದಾಗಿ ಅಮೆರಿಕದಲ್ಲಿ 2022ರಲ್ಲಿ ಇದಕ್ಕೇ ಅಂತ ಒಂದು ಕಾನೂನು ಮಾಡಬೇಕಾಯಿತು. ಕಪಾಟು, ಪುಸ್ತಕದ ಶೆಲ್ಫು, ಟಿವಿ, ಯಾವುದೇ ಇರಲಿ, ಲೋಹದ ಪಟ್ಟಿ ಹಾಕಿ ಗೋಡೆಗೆ ಬಿಗಿಯಿರಿ. ನಿಮ್ಮ ಮನೆಯಲ್ಲಿ ಇದು ಎರಡು ಪಟ್ಟು ಮುಖ್ಯ. ಅವಳಿಗಳಲ್ಲಿ ಒಬ್ಬ ಸ್ಟೂಲು ತಳ್ಳುತ್ತಾನೆ, ಇನ್ನೊಬ್ಬಳು ಹತ್ತುತ್ತಾಳೆ. ಒಂಟಿ ಮಗುವಿಗೆ ಹೊಳೆಯದ್ದು ಇವರಿಗೆ ಹೊಳೆಯುತ್ತದೆ.

ಕಿಟಕಿ ಪರದೆಯ ದಾರ ಇದ್ದರೆ ಗಮನ ಕೊಡಿ. ಕುಣಿಕೆಯಾಗಿ ನೇತಾಡುವ ದಾರ ಮಗುವಿನ ಕುತ್ತಿಗೆಗೆ ಸುತ್ತಿಕೊಳ್ಳಲು ಕೆಲವೇ ನಿಮಿಷ ಸಾಕು, ಸದ್ದೂ ಬರುವುದಿಲ್ಲ. ದಾರವಿಲ್ಲದ ಪರದೆ ಹಾಕಿ. ಮಂಚ, ಕುರ್ಚಿ ಯಾವುದನ್ನೂ ಕಿಟಕಿ ಕೆಳಗೆ ಇಡಬೇಡಿ. ಮಹಡಿ ಮೇಲಿನ ರೂಮಾದರೆ ಕಿಟಕಿ ಹತ್ತು ಸೆಂ.ಮೀ.ಗಿಂತ ಜಾಸ್ತಿ ತೆರೆಯದ ಹಾಗೆ ತಡೆ ಹಾಕಿಸಿ. ಸೊಳ್ಳೆ ಪರದೆ ಅಥವಾ ಜಾಲರಿ ಮಗುವಿನ ಭಾರ ತಡೆಯುವುದಿಲ್ಲ. ಬೇಬಿ ಮಾನಿಟರ್‌ನ ವೈರು, ಟೇಬಲ್ ಲ್ಯಾಂಪು, ಪ್ಲಗ್ ಪಾಯಿಂಟು, ಕ್ರೀಮು, ಔಷಧಿ, ಗುಂಡಿಯಾಕಾರದ ಬ್ಯಾಟರಿ ಇರುವ ರಿಮೋಟು, ಇವೆಲ್ಲ ಆಚೆ ಹೋಗಲಿ ಅಥವಾ ಕೈಗೆಟುಕದ ಕಡೆ ಇರಲಿ. ಆಟದ ಸಾಮಾನು ನಾಲ್ಕೇ ನಾಲ್ಕು ಸಾಕು, ಮೆತ್ತನೆಯವು, ಸದ್ದು ಮಾಡದವು. ರಾತ್ರಿ ಮಂದ ಬೆಳಕಿನ ರೂಮಿನಲ್ಲಿ ಮಾಡಲು ಏನೂ ಇಲ್ಲದಿದ್ದರೆ ಬೇಜಾರಾಗುತ್ತದೆ. ನಮಗೆ ಬೇಕಿರೋದೂ ಆ ಬೇಜಾರೇ.

ಬಾಗಿಲಿನ ಬಗ್ಗೆ ಜಗಳವೇ ಇದೆ. ಹೊರಗಿನಿಂದ ಚಿಲಕ ಹಾಕುವುದು ಬೇಡ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ಬೆಂಕಿ ಬಿದ್ದ ಹೊತ್ತಿನಲ್ಲಿ, ಹೊಗೆಯಲ್ಲಿ, ಕತ್ತಲಲ್ಲಿ ಚಿಲಕ ತಡಕಾಡುವ ಪರಿಸ್ಥಿತಿ ಬರಬಾರದು. ಹೊರಗಿನಿಂದ ಚಿಲಕ ಬಿದ್ದ ಬಾಗಿಲು ಬಡಿಯುತ್ತಾ ಅತ್ತ ಮಗುವಿಗೆ ಆ ರೂಮಿನ ಮೇಲೇ ಹೆದರಿಕೆ ಹುಟ್ಟುತ್ತದೆ. ಬಾಗಿಲ ಚೌಕಟ್ಟಿಗೆ ಮಕ್ಕಳ ಗೇಟು ಹಾಕುವುದು ಒಳ್ಳೆಯದು. ಮಗು ನಿಮ್ಮನ್ನು ಕೂಗಬಹುದು, ಕೇಳಿಸಿಕೊಳ್ಳಬಹುದು, ಆದರೆ ಮೆಟ್ಟಿಲಿಗೋ ಅಡುಗೆಮನೆಗೋ ಹೋಗಲು ಆಗುವುದಿಲ್ಲ. ಗೇಟು ಹತ್ತುವ ಮಗುವಾದರೆ ಬಾಗಿಲು ಸುಮ್ನೆ ಮುಚ್ಚಿ, ಹಿಡಿಗೆ ಮಕ್ಕಳ ಕೈಗೆ ತಿರುಗದ ಕವಚ ಹಾಕಿ. ದೊಡ್ಡವರು ಒಂದೇ ಕೈಯಲ್ಲಿ ತೆರೆಯುವ ಹಾಗಿರಬೇಕು. ಮುಚ್ಚಿದ ಬಾಗಿಲು ಹೊಗೆ ಮತ್ತು ಬಿಸಿ ಒಳಗೆ ಬರುವುದನ್ನು ನಿಧಾನ ಮಾಡುತ್ತದೆ ಅನ್ನೋ ಲಾಭವೂ ಇದೆ. ರೂಮಿನ ಒಳಗೂ ಹೊರಗೂ ಹೊಗೆಯ ಅಲಾರಂ ಇರಲಿ.

ಮಂಚದ ಆಯ್ಕೆ ಇದಕ್ಕಿಂತ ಸುಲಭ. ಮೊದಲ ಕೆಲವು ತಿಂಗಳು ನೆಲದ ಮೇಲೆ ಹಾಸಿಗೆ ಹಾಕಿದರೆ ಸಾಕು, ಬಿದ್ದರೂ ಒಂದು ಗೇಣು. ಗಟ್ಟಿ ಹಾಸಿಗೆ ಇರಲಿ, ಬೆಳಗ್ಗೆ ಎತ್ತಿ ಗೋಡೆಗೆ ಒರಗಿಸಿ ಗಾಳಿಯಾಡಲು ಬಿಡಿ, ಇಲ್ಲದಿದ್ದರೆ ಅಡಿಯಲ್ಲಿ ಬೂಷ್ಟು ಕಟ್ಟುತ್ತದೆ. ಕ್ರಿಬ್ಬಿನ ಹಾಸಿಗೆಯನ್ನೇ ಬಳಸುವ ಪುಟ್ಟ ಟಾಡ್ಲರ್ ಮಂಚಗಳೂ ಇವೆ. ಅಮೆರಿಕದ ಸುರಕ್ಷತಾ ಮಾನದಂಡದಲ್ಲಿ ಅವು 15 ತಿಂಗಳು ದಾಟಿದ, 50 ಪೌಂಡ್ ಅಂದರೆ ಸುಮಾರು 22.7 ಕೆ.ಜಿ. ಒಳಗಿನ ಮಕ್ಕಳಿಗೆ. ನಿಮ್ಮ ಕ್ರಿಬ್ ಮಂಚವಾಗಿ ಬದಲಾಗುವ ಮಾದರಿಯಾದರೆ ತಯಾರಕರೇ ಕೊಡುವ ಅಡ್ಡಪಟ್ಟಿ ಹಾಕಿ ಬದಲಾಯಿಸಿ. ಒಂದು ಬದಿ ಬಿಚ್ಚಿ ಹಾಗೇ ಬಿಟ್ಟರೆ ಚೌಕಟ್ಟು ಸಡಿಲವಾಗುತ್ತದೆ.

ಎತ್ತರದ ದೊಡ್ಡ ಮಂಚ ಈಗಲೇ ಬೇಕು ಅಂದರೆ ಒಂದು ಸಂದು ನೋಡುವ ಅಭ್ಯಾಸ ಮಾಡಿಕೊಳ್ಳಿ. ಮಂಚವನ್ನು ಗೋಡೆಗೆ ಒತ್ತಿ ಇಟ್ಟಿದ್ದೇವೆ, ಒಂದು ಬದಿಯಾದರೂ ಸುರಕ್ಷಿತ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಹಾಸಿಗೆಯ ಅಂಚಿನ ಮೇಲೆ ಕೂತು ನಿಮ್ಮ ಭಾರ ಗೋಡೆ ಕಡೆ ಹಾಕಿ, ಆಮೇಲೆ ಅಂಗೈಯನ್ನು ಹಾಸಿಗೆಗೂ ಗೋಡೆಗೂ ನಡುವೆ ಇಳಿಸಿ. ಕೈ ಸಲೀಸಾಗಿ ಇಳಿದರೆ ಅಲ್ಲಿ ಮಗುವಿನ ಮೈ ಜಾರಬಹುದು, ತಲೆ ಸಿಕ್ಕಿಕೊಳ್ಳಬಹುದು. ಪಕ್ಕಕ್ಕೆ ಸಿಕ್ಕಿಸುವ ಬೆಡ್ ರೇಲ್‌ಗೂ ಇದೇ ಪರೀಕ್ಷೆ. ಆ ರೇಲ್‌ಗಳು ಎರಡರಿಂದ ಐದು ವರ್ಷದ, ತಾನೇ ಮಂಚ ಹತ್ತಿ ಇಳಿಯುವ ಮಕ್ಕಳಿಗೆ ಮಾಡಿದವು. ಅದಕ್ಕಿಂತ ಚಿಕ್ಕವರಿಗೆ ಹಾಕಬಾರದು. ಎರಡು ಅಂತಸ್ತಿನ ಮಂಚದ ಮೇಲಿನ ಅಂತಸ್ತು ಆರು ವರ್ಷದವರೆಗೆ ಬೇಡ. ಅವಳಿ ಇರುವ ಮನೆಗೆ ಅದನ್ನು ಯಾರಾದರೂ ಉಡುಗೊರೆ ಕೊಡಲು ಕಾಯುತ್ತಿರುತ್ತಾರೆ, ಅದಕ್ಕೇ ಹೇಳಿದೆ.

ಒಂದೇ ಮಂಚದಲ್ಲಿ ಇಬ್ಬರೂ ಅನ್ನೋ ಸಲಹೆ ಯಾಕೆ ಬೇಡ? ಅಪಾಯ ಅಂತಲ್ಲ. ಎರಡು ವರ್ಷ ದಾಟಿದ ಇಬ್ಬರು ಮಕ್ಕಳು ಒಟ್ಟಿಗೆ ಮಲಗಬಹುದು. ಆದರೆ ಒಬ್ಬ ಹೊರಳಿದರೆ ಇನ್ನೊಬ್ಬಳಿಗೆ ಎಚ್ಚರ, ಕಾಲು ತಾಗಿದರೆ ಜಗಳ, ಇಲ್ಲದಿದ್ದರೆ ನಗು. ಕಲಿಯುವ ಹೊತ್ತಿನಲ್ಲಿ ಇಷ್ಟೆಲ್ಲ ಬೇಡ. ಎರಡು ಹಾಸಿಗೆ ಇರಲಿ, ರೂಮಿನ ಎರಡು ಗೋಡೆಗಳ ಕಡೆ ಇರಲಿ. ಮೂರೂವರೆಯಾದ ಮೇಲೆ ಅವರೇ ಒಂದಾಗಿ ಮಲಗಲು ಕೇಳಿದರೆ ಆಗ ನೋಡಿ.

ರಾತ್ರಿಯ ವಿಷಯಕ್ಕೆ ಬರೋಣ. ಹೊಸ ಹಾಸಿಗೆಯನ್ನು ಹಗಲಲ್ಲಿ ಹಾಕಿ ತೋರಿಸಿ, ಅವನ ಹಳೇ ಹೊದಿಕೆ, ಹಳೇ ಗೊಂಬೆ ಅದರ ಮೇಲೇ ಇರಲಿ. ಜಾಸ್ತಿ ಸಂಭ್ರಮ ಬೇಡ. "ಇವತ್ತಿಂದ ನೀನು ದೊಡ್ಡವನು" ಅಂತ ಹತ್ತು ಸಲ ಹೇಳಿದರೆ, ರಾತ್ರಿ ದೊಡ್ಡವನಾಗಿರಲು ಮನಸ್ಸಿಲ್ಲದಾಗ ಆ ಮಗು ಏನು ಮಾಡಬೇಕು? ಮೊದಲ ಪ್ರಯೋಗ ರಾತ್ರಿಯಲ್ಲೇ ಆಗಲಿ, ಮಧ್ಯಾಹ್ನದ ನಿದ್ದೆಗೆ ಬೇಡ. ರಾತ್ರಿ ನಿದ್ದೆಯ ಸೆಳೆತ ಜಾಸ್ತಿ ಇರುತ್ತದೆ, ಅರ್ಧ ಕೆಲಸ ಅದೇ ಮಾಡಿಕೊಡುತ್ತದೆ. ಸ್ನಾನ, ಕಥೆ, ದೀಪ ಆರಿಸುವುದು, ನೀವು ಈಗ ಹೇಗೆ ಮಾಡುತ್ತೀರೋ ಅದೇ ಕ್ರಮ, ಅದೇ ಹೊತ್ತು.

ಮೊದಲ ಕೆಲವು ರಾತ್ರಿ ಅವನು ಮಿಸುಕದೆ ಮಲಗಬಹುದು. ಗೆದ್ದೆವು ಅಂತ ಎಲ್ಲರಿಗೂ ಫೋನ್ ಮಾಡಬೇಡಿ. ಕಂಬಿ ಇಲ್ಲ ಅನ್ನೋದು ಕೆಲವು ಮಕ್ಕಳಿಗೆ ತಡವಾಗಿ ಹೊಳೆಯುತ್ತದೆ. ಹೊಳೆದ ರಾತ್ರಿಯ ಕಥೆ ಹೆಚ್ಚುಕಡಿಮೆ ಎಲ್ಲ ಮನೆಯಲ್ಲೂ ಒಂದೇ. ದೀಪ ಆರಿಸಿ ಹತ್ತು ನಿಮಿಷ ಆಗಿರುತ್ತದೆ. ಪುಟ್ಟ ಪಾದದ ಸದ್ದು. ಗೇಟಿನ ಸರಳುಗಳ ನಡುವೆ ಮೂಗು ತೂರಿಸಿ, ನಗುವನ್ನು ಅದುಮಿಟ್ಟುಕೊಂಡು ಒಂದು ಮುಖ ನಿಂತಿರುತ್ತದೆ. ನೀವು ನಕ್ಕರೆ ಆಟ ಶುರು. ಬೈದರೂ ಶುರುವೇ. ಮಗುವಿಗೆ ಬೇಕಿರೋದು ನಿಮ್ಮ ಗಮನ, ಅದು ಯಾವ ರೂಪದಲ್ಲಿ ಬಂದರೂ ಸರಿ.

ಏನು ಮಾಡಬೇಕು ಅಂದರೆ, ಕೈ ಹಿಡಿದು ಹಾಸಿಗೆಗೆ ಕರೆದುಕೊಂಡು ಹೋಗಿ. "ಈಗ ಮಲಗೋ ಹೊತ್ತು" ಅಂತ ಒಂದೇ ವಾಕ್ಯ. ಹೊದಿಸಿ, ಎದ್ದು ಬನ್ನಿ. ಎರಡನೇ ಸಲ ಆ ವಾಕ್ಯವೂ ಬೇಡ, ಬರೀ ಕೈ ಹಿಡಿದು ಕರೆದೊಯ್ಯಿರಿ. ದೀಪ ಹಾಕಬೇಡಿ, ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡಿ, ಇನ್ನೊಂದು ಕಥೆಗೆ ಒಪ್ಪಬೇಡಿ. ಮೊದಲ ರಾತ್ರಿ ಇದು ಇಪ್ಪತ್ತು ಸಲ ಆದರೂ ಗಾಬರಿಯಾಗಬೇಡಿ. ಅಪ್ಪ ಅಮ್ಮ ಇಬ್ಬರದೂ ಒಂದೇ ಮುಖ, ಒಂದೇ ಮಾತು ಇರಬೇಕು. ಹತ್ತೊಂಬತ್ತು ಸಲ ಬಿಗಿಯಾಗಿದ್ದು ಇಪ್ಪತ್ತನೇ ಸಲ ಸಾಕಾಗಿ ನಿಮ್ಮ ಮಂಚಕ್ಕೆ ಕರೆದುಕೊಂಡರೆ, ಇಪ್ಪತ್ತು ಸಲ ಬರಬೇಕು ಅಂತ ಮಗು ಕಲಿಯುತ್ತದೆ. ನಿಮ್ಮ ಜೊತೆ ಮಲಗಿಸಿಕೊಳ್ಳುವುದು ನಿಮಗೆ ಒಪ್ಪಿಗೆಯಾದರೆ ಅದೂ ತಪ್ಪಲ್ಲ, ಆದರೆ ಅದನ್ನು ಹಗಲಲ್ಲಿ ತೀರ್ಮಾನಿಸಿ. ಸುಸ್ತಾದ ಹೊತ್ತಿನಲ್ಲಿ ಬೇಡ.

ಕೆಲವು ಮಕ್ಕಳು ತುಂಟತನಕ್ಕಲ್ಲ, ನಿಜವಾಗಿ ಹೆದರಿ ಬರುತ್ತಾರೆ. ಅಳುವಿನಲ್ಲಿ ವ್ಯತ್ಯಾಸ ನಿಮಗೇ ಗೊತ್ತಾಗುತ್ತದೆ. ಅಂಥ ಮಗುವಿನ ಹಾಸಿಗೆ ಪಕ್ಕ ಕುರ್ಚಿ ಹಾಕಿ ಸುಮ್ನೆ ಕೂತುಕೊಳ್ಳಿ. ಎರಡು ಮೂರು ರಾತ್ರಿಗೊಮ್ಮೆ ಕುರ್ಚಿ ಬಾಗಿಲ ಕಡೆ ಸ್ವಲ್ಪ ಸರಿಯಲಿ. ಇನ್ನು ಬಾಗಿಲ ಹತ್ತಿರ ನೆಲದಲ್ಲೇ ನಿದ್ದೆ ಹೋಗಿದ್ದರೆ, ಹೊದಿಕೆ ಹೊದಿಸಿ ಬಿಡಿ, ಅಥವಾ ಗಾಢ ನಿದ್ದೆ ಬಂದ ಮೇಲೆ ಎತ್ತಿ ಮಲಗಿಸಿ. ಎಲ್ಲಿ ಮಲಗಿದ ಅನ್ನೋದು ಈಗ ದೊಡ್ಡ ವಿಷಯವಲ್ಲ, ರೂಮಿನೊಳಗೆ ಮಲಗಿದ ಅನ್ನೋದೇ ಸಾಕು.

ಅವಳಿಗಳಲ್ಲಿ ಇನ್ನೊಂದು ತೊಡಕು: ಮಗ ಎದ್ದು ಮಗಳ ಕ್ರಿಬ್ ಹತ್ತಿರ ಹೋಗುತ್ತಾನೆ. ಗೊಂಬೆ ಎಸೆಯುತ್ತಾನೆ, ಅಥವಾ ಒಳಗೇ ಹತ್ತಲು ನೋಡುತ್ತಾನೆ. ಒಳಗೆ ಹತ್ತುವವನಾದರೆ ಅವಳ ಕ್ರಿಬ್ ಕೂಡ ಸುರಕ್ಷಿತವಲ್ಲ. ಆಗ ಅವಳದ್ದೂ ನೆಲದ ಹಾಸಿಗೆಯಾಗಬೇಕು, ಇಲ್ಲವೇ ಮೊದಲ ಒಂದೆರಡು ವಾರ ಒಬ್ಬರು ಬೇರೆ ರೂಮಿನಲ್ಲಿ ಮಲಗಬೇಕು. ಅಷ್ಟು ದೂರ ಹೋಗದಿದ್ದರೆ ಮಲಗುವ ಹೊತ್ತನ್ನು ಸ್ವಲ್ಪ ಬೇರೆ ಮಾಡಿ. ಬೇಗ ನಿದ್ದೆ ಹೋಗುವ ಮಗುವನ್ನು ಮೊದಲು ಮಲಗಿಸಿ, ಇಪ್ಪತ್ತು ಮೂವತ್ತು ನಿಮಿಷ ಬಿಟ್ಟು ಇನ್ನೊಬ್ಬರನ್ನು ಕರೆದುಕೊಂಡು ಹೋಗಿ. ಇಬ್ಬರೂ ಕತ್ತಲಲ್ಲಿ ಗುಸುಗುಸು ಮಾತಾಡುತ್ತಿದ್ದರೆ ಬಿಡಿ. ಹಾಸಿಗೆ ಮೇಲಿದ್ದಾರಾ, ಅಷ್ಟು ಸಾಕು. ಪ್ರತಿ ನಗುವಿಗೂ ಓಡಿಹೋದರೆ ನೀವೇ ಆ ಆಟದ ಮೂರನೇ ಆಟಗಾರ.

ಒಂದು ಗಂಟೆಯಾದರೂ ಆಟ ನಿಲ್ಲದಿದ್ದರೆ ಗಡಿಯಾರ ನೋಡಿ, ಮಕ್ಕಳನ್ನಲ್ಲ. ಅಮೆರಿಕನ್ ಅಕಾಡೆಮಿ ಆಫ್ ಸ್ಲೀಪ್ ಮೆಡಿಸಿನ್ 2016ರಲ್ಲಿ ಕೊಟ್ಟ ಲೆಕ್ಕದಲ್ಲಿ ಒಂದರಿಂದ ಎರಡು ವರ್ಷದವರಿಗೆ ದಿನಕ್ಕೆ 11ರಿಂದ 14 ಗಂಟೆ ನಿದ್ದೆ ಬೇಕು, ಮೂರರಿಂದ ಐದು ವರ್ಷಕ್ಕೆ 10ರಿಂದ 13 ಗಂಟೆ. ಹಗಲಿನ ನಿದ್ದೆಯೂ ಸೇರಿಯೇ. ನಿಮ್ಮ ಮಕ್ಕಳು ಮಧ್ಯಾಹ್ನ ಮೂರು ತಾಸು ಮಲಗಿ ನಾಲ್ಕೂವರೆಗೆ ಎದ್ದರೆ ಎಂಟಕ್ಕೆ ನಿದ್ದೆ ಎಲ್ಲಿಂದ ಬರಬೇಕು? ಹಗಲು ನಿದ್ದೆ ಮಧ್ಯಾಹ್ನ ಮೂರು ಗಂಟೆ ಹೊಡೆಯುವುದರೊಳಗೆ ಮುಗಿಯಲಿ, ಅಥವಾ ಕೆಲವು ವಾರ ರಾತ್ರಿ ಎಂಟೂವರೆಗೆ ಮಲಗಿಸಿ. ಹಗಲು ನಿದ್ದೆಯನ್ನೇ ತೆಗೆದುಹಾಕುವುದು ಬೇಡ, ಈ ವಯಸ್ಸಿಗೆ ಅದು ಬೇಕು. ಮಧ್ಯಾಹ್ನಕ್ಕೆ ಇಬ್ಬರನ್ನೂ ಬೇರೆ ಬೇರೆ ರೂಮಿನಲ್ಲಿ ಮಲಗಿಸಲು ಆದರೆ ಹಾಗೇ ಮಾಡಿ. ಅವಳಿಗಳ ಮಧ್ಯಾಹ್ನದ ನಿದ್ದೆ ಉಳಿಸಿಕೊಳ್ಳಲು ನನಗೆ ಗೊತ್ತಿರುವ ಒಳ್ಳೆ ದಾರಿ ಅದೊಂದೇ.

ಮಲಗುವ ಹೊತ್ತಿನ ಪಾಸ್ ಅಂತ ಒಂದು ಉಪಾಯ ಕೇಳಿರಬಹುದು. ಮಗುವಿಗೆ ಒಂದು ಕಾರ್ಡು ಕೊಡುವುದು. ಅದನ್ನು ತೋರಿಸಿ ಒಂದು ಸಲ ನೀರಿಗೋ ಮುತ್ತಿಗೋ ಹೊರಗೆ ಬರಬಹುದು, ಆಮೇಲೆ ಕಾರ್ಡು ವಾಪಸು. 1999ರಲ್ಲಿ ಸಂಶೋಧಕರು ಇದನ್ನು ಮೊದಲು ಬರೆದರು, ಮುಂದೆ ಮೂರರಿಂದ ಆರು ವರ್ಷದ ಮಕ್ಕಳ ಮೇಲೂ ಪರೀಕ್ಷಿಸಿ ಫಲ ಕಂಡರು. ಚೆನ್ನಾಗಿದೆ. ಆದರೆ ನಿಮ್ಮವರಿಗೆ ಇನ್ನೂ ಒಂದು ವರ್ಷ ಬೇಡ. ಈಗ ಕೊಟ್ಟರೆ ಇಬ್ಬರೂ ಕಾರ್ಡು ತಿನ್ನುತ್ತಾರೆ. ಏಳುವ ಹೊತ್ತಿಗೆ ಬಣ್ಣ ಬದಲಾಯಿಸುವ ದೀಪದ ಗಡಿಯಾರವೂ ಎರಡೂವರೆ ದಾಟಿದ ಮೇಲೆ ಅರ್ಥವಾಗುತ್ತದೆ.

ಇನ್ನು ಬರಲಿರುವ ಮಗು. ಹುಟ್ಟಿದ ತಕ್ಷಣ ಅದಕ್ಕೆ ದೊಡ್ಡ ಕ್ರಿಬ್ ಬೇಕಿಲ್ಲ. ಬ್ಯಾಸಿನೆಟ್ ಅನ್ನೋ ಚಿಕ್ಕ ತೊಟ್ಟಿಲಲ್ಲಿ, ನಿಮ್ಮ ರೂಮಿನಲ್ಲೇ, ಹೊರಳಲು ಅಥವಾ ಕೈಯೂರಿ ಏಳಲು ಶುರುಮಾಡುವವರೆಗೆ ಮಲಗಿಸಬಹುದು. ಅದು ಸಾಮಾನ್ಯವಾಗಿ ಮೂರರಿಂದ ಐದು ತಿಂಗಳು. ಅಂದರೆ ನಿಮ್ಮ ಹತ್ತಿರ ನಾಲ್ಕಲ್ಲ, ಏಳೆಂಟು ತಿಂಗಳಿವೆ. ಅಷ್ಟರಲ್ಲಿ ಮಗಳಿಗೆ ಎರಡು ವರ್ಷ ಒಂಬತ್ತು ತಿಂಗಳ ಮೇಲಾಗಿರುತ್ತದೆ. ಅವಳ ಬದಲಾವಣೆಯನ್ನು ಹೆರಿಗೆಗೆ ಎರಡು ತಿಂಗಳು ಮೊದಲೇ ಮುಗಿಸಿ, ಇಲ್ಲವೇ ಹೆರಿಗೆಯಾಗಿ ಮನೆ ಒಂದು ಹದಕ್ಕೆ ಬಂದ ಮೇಲೆ ಮಾಡಿ. ಹೆರಿಗೆಯ ಹಿಂದಿನ ವಾರ ಮಾಡಿದರೆ, ಪಾಪು ಬಂದು ತನ್ನ ಜಾಗ ಕಿತ್ತುಕೊಂಡಿತು ಅಂತ ಅವಳಿಗೆ ಅನ್ನಿಸುತ್ತದೆ. ಅನ್ನಿಸಿದ್ದು ಸುಳ್ಳೂ ಅಲ್ಲ. ಖಾಲಿಯಾದ ಕ್ರಿಬ್ಬನ್ನು ಬಿಚ್ಚಿ ಕೆಲವು ವಾರ ಕಣ್ಣಿಗೆ ಕಾಣದ ಕಡೆ ಇಡಿ. ಡಯಪರ್ ಬಿಡಿಸುವ ಕೆಲಸವನ್ನೂ ಇದೇ ತಿಂಗಳಲ್ಲಿ ಹಮ್ಮಿಕೊಳ್ಳಬೇಡಿ.

ಮಗಳು ತನಗೂ ನೆಲದ ಹಾಸಿಗೆ ಬೇಕು ಅಂತ ಕೇಳಬಹುದು. ಹಗಲಲ್ಲಿ ಅವನ ಹಾಸಿಗೆ ಮೇಲೆ ಕೂತು ಪುಸ್ತಕ ನೋಡಲಿ. ಎರಡು ಮೂರು ವಾರ ಬಿಟ್ಟು ಮತ್ತೆ ಮತ್ತೆ ಕೇಳುತ್ತಿದ್ದರೆ, ಅಷ್ಟರಲ್ಲಿ ಮಗನ ರಾತ್ರಿಗಳು ಹದಕ್ಕೆ ಬಂದಿದ್ದರೆ, ಕೊಟ್ಟು ನೋಡಿ. ಸರಿಹೋಗದಿದ್ದರೆ ವಾಪಸ್ ಕ್ರಿಬ್ಬಿಗೆ ಹಾಕಬಹುದು. ಹತ್ತದ ಮಗುವಿಗೆ ಆ ದಾರಿ ತೆರೆದೇ ಇರುತ್ತದೆ, ಹತ್ತುವವನಿಗೆ ಮಾತ್ರ ಇಲ್ಲ.

ಮಂಚ ಬದಲಾದದ್ದಕ್ಕೂ ನಿದ್ದೆ ಕೆಟ್ಟಿದ್ದಕ್ಕೂ ಸಂಬಂಧ ಇಲ್ಲದ ಸಂದರ್ಭಗಳೂ ಇವೆ. ದಿನಾ ಜೋರಾಗಿ ಗೊರಕೆ, ನಡುವೆ ಉಸಿರು ನಿಂತ ಹಾಗೆ ಆಗಿ ಮತ್ತೆ ಎಳೆದುಕೊಳ್ಳುವುದು, ರಾತ್ರಿಯಿಡೀ ಒದ್ದಾಟ, ಇವು ಕಂಡರೆ ಮಕ್ಕಳ ವೈದ್ಯರಿಗೆ ತೋರಿಸಿ. ಟಾನ್ಸಿಲ್ ಅಥವಾ ಅಡಿನಾಯ್ಡ್ (ಮೂಗಿನ ಹಿಂದಿರುವ ಗ್ರಂಥಿ) ದೊಡ್ಡದಾಗಿರಬಹುದು, ಕಬ್ಬಿಣದ ಅಂಶ ಕಡಿಮೆಯಿರಬಹುದು. ಮಲಗಿದ ಒಂದೆರಡು ಗಂಟೆಯಲ್ಲಿ ಚೀರಿಕೊಂಡು ಎದ್ದು, ಕಣ್ಣು ತೆರೆದಿದ್ದರೂ ನಿಮ್ಮನ್ನು ಗುರುತಿಸದೆ, ಬೆಳಗ್ಗೆ ಏನೂ ನೆನಪಿಲ್ಲದಿದ್ದರೆ ಅದು ಹೆಚ್ಚಾಗಿ ನೈಟ್ ಟೆರರ್. ಎಬ್ಬಿಸಲು ಹೋಗಬೇಡಿ, ಪೆಟ್ಟಾಗದಂತೆ ಪಕ್ಕದಲ್ಲಿ ನಿಂತಿರಿ, ತಾನೇ ಅಡಗುತ್ತದೆ. ಪದೇ ಪದೇ ಆದರೆ ವೈದ್ಯರ ಹತ್ತಿರ ಮಾತಾಡಿ.

ಕೊನೆಗೆ, ಪಾಪುವಿಗಾಗಿ ಕ್ರಿಬ್ ಮತ್ತೆ ಜೋಡಿಸುವಾಗ ಒಂದೊಂದು ಸ್ಕ್ರೂ ಬಿಗಿ ಮಾಡಿ. ಇಬ್ಬರು ಎರಡು ವರ್ಷ ಕುಣಿದ ಮರ ಅದು. ಕಂಬಿಗಳ ನಡುವಿನ ಸಂದು 6 ಸೆಂ.ಮೀ. ಮೀರಬಾರದು, ಯಾವ ಕಂಬಿಯೂ ಅಲ್ಲಾಡಬಾರದು. ಒಂದು ಬದಿ ಮೇಲೆ ಕೆಳಗೆ ಜಾರುವ ಹಳೇ ಮಾದರಿಯಾದರೆ ಬಳಸಲೇಬೇಡಿ. ಅಮೆರಿಕದಲ್ಲಿ 2011ರಿಂದ ಅಂಥವನ್ನು ಮಾರುವುದೇ ನಿಷೇಧ. ಯಾವುದಾದರೂ ಬಿಡಿಭಾಗ ಕಳೆದಿದ್ದರೆ ತಯಾರಕರಿಂದಲೇ ತರಿಸಿ. ದಾರ ಕಟ್ಟಿ, ಮೊಳೆ ಹೊಡೆದು ಹೊಂದಿಸಿದ ಕ್ರಿಬ್ಬಿನಲ್ಲಿ ಮಗುವನ್ನು ಮಲಗಿಸಬೇಡಿ.